ಕಾಯಿ ಹುಳ, ಹಣ್ಣು ಹುಳ

ಆಗೆಲ್ಲ ನಮ್ಮ ನಡುಮನೆ ರೇಷ್ಮೆ ಹುಳಗಳದ್ದು. ನಾವು ಮಲಗುತ್ತಿದ್ದದ್ದು ಪಡಸಾಲೆಯಲ್ಲಿ. ಹಿಂದೂಪುರದಿಂದ ಲೇಪಾಕ್ಷಿಗೆ ಹೋಗುವ ದಾರಿಯ ಊರು. ಅಂಥ ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ಗೊತ್ತಿರುತ್ತದೆ: ಹಸಿ ಸೊಪ್ಪು, ಸುಣ್ಣ, ಹಿಕ್ಕೆ. ಕೊನೆಯ ವಾರ ಹುಳಗಳು ಮೇಯುವ ಸದ್ದು, ಯಾರೋ ಕಡಲೆಕಾಯಿ ಸಿಪ್ಪೆಯ ಮೇಲೆ ಬರಿಗಾಲಲ್ಲಿ ಓಡಾಡಿದಂತೆ ಹೊರಗೂ ಕೇಳುತ್ತಿತ್ತು.

ನನಗೆ ಹುಳವೆಂದರೆ ಭಯ. ಮುಟ್ಟಿದರೆ ಒಡೆದು ಕೈಗೆ ಅಂಟಿಬಿಡುತ್ತದೆ ಎಂದು. ಹಾಗಾಗಿ ನನ್ನ ಜಾಗ ಹೊಸ್ತಿಲಾಚೆ, ಸೊಪ್ಪಿನ ರಾಶಿಯ ಪಕ್ಕ. ಆ ಬೇಸಿಗೆ (ಎರಡು ಬೇಸಿಗೆಗಳು ಬೆರೆತಿರಲೂಬಹುದು) ಕಲ್ಯಾಣದುರ್ಗದಿಂದ ಚಿಕ್ಕಪ್ಪನ ಮಗಳು ಲಲಿತ ರಜಕ್ಕೆ ಬಂದಳು. ನನ್ನದೇ ವಯಸ್ಸು. ಬಂದ ದಿನವೇ ಕೈ ತೊಳೆದು ಒಳಗೆ ಹೋಗಿ, ಹುಳವೊಂದನ್ನು ಮೊಣಕೈವರೆಗೆ ಹರಿಯಬಿಟ್ಟಳು.

“ಇವಳು ಕಣಮ್ಮ ನನ್ ಮೊಮ್ಮಗಳು!” ಎಂದಳು ಅಜ್ಜಿ.

ಹಾಗಾದರೆ ನಾನು ಯಾರ ಮೊಮ್ಮಗಳು? ಅವಳ ಜಡೆ, ಅವಳ ಪಟಪಟ ತೆಲುಗು, ಅಜ್ಜಿಯ ಪಕ್ಕ ಅವಳು ನಿಲ್ಲುತ್ತಿದ್ದ ರೀತಿ, ಎಲ್ಲವನ್ನೂ ನನ್ನಿಂದಲೇ ಕಿತ್ತುಕೊಂಡಿದ್ದಾಳೆ ಅನಿಸುತ್ತಿತ್ತು.

ಹುಳ ಹಣ್ಣಾಗುವ ದಿನ ಬಂತು. ಹಣ್ಣಾದ ಹುಳ ಮೇವು ಬಿಡುತ್ತದೆ, ಮೈ ಜೇನಿನಂತೆ ತಿಳಿಯಾಗುತ್ತದೆ. ಅಂಥದ್ದನ್ನೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಇನ್ನೂ ಮೇಯಬೇಕಾದ ಕಾಯಿ ಹುಳವನ್ನು ಅಲ್ಲಿ ಬಿಟ್ಟರೆ ಅದು ಹಸಿದು ಸಾಯುತ್ತದೆ. ಹೊಸ್ತಿಲಲ್ಲಿ ಕೂತು ಕೂತು ನನ್ನ ಕಣ್ಣು ಪಳಗಿತ್ತು. ಲಲಿತಳಿಗೆ ಭಯವಿರಲಿಲ್ಲ, ಕಣ್ಣೂ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಬಿಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಸಾಯಲಿ ಹುಳ, ಬೀಳಲಿ ಅವಳಿಗೆ ಬೈಗುಳ.

“ನಿನ್ ಕೈಗುಣ ಚೆನ್ನಾಗೈತೆ ಕಣೇ ಲಲಿತ, ಮುಂದಿನ ಬೆಳೆಗೂ ಬಂದ್ಬುಡು,” ಎಂದಳು ಅಜ್ಜಿ.

ತಡೆಯಲಾಗಲಿಲ್ಲ. “ಅಜ್ಜೀ, ಅವಳು ಬಿಟ್ಟಿರೋದ್ರಲ್ಲಿ ಅರ್ಧ ಕಾಯಿ!”

“ಅಬ್ಬೋ! ಹೊಸ್ತಿಲು ದಾಟದೋಳು ಹೇಳ್ತಾವ್ಳೆ,” ಲಲಿತ ಸೊಂಟಕ್ಕೆ ಕೈಯಿಟ್ಟಳು. “ಭಯಮಾ? ಭಯ ಇಲ್ದಿದ್ರೆ ನೀನೇ ಬಂದು ತೆಗಿ.”

ಹೋದೆ. ತೆಗೆದೆ. ಹುಳ ತಣ್ಣಗಿತ್ತು. ಒಡೆಯಲಿಲ್ಲ. ಪುಟ್ಟ ಕಾಲುಗಳಿಂದ ನನ್ನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು, ಬೀಳುವ ಭಯ ಅದಕ್ಕೇ ಇದ್ದಂತೆ. ಇನ್ನೊಂದು ತೆಗೆದೆ, ಮತ್ತೊಂದು. ಧೈರ್ಯ ಬಂತೆಂದು ಬರೆದರೆ ಸುಳ್ಳಾದೀತು. ಹೊಟ್ಟೆಕಿಚ್ಚು ಭಯಕ್ಕಿಂತ ದೊಡ್ಡದಾಗಿತ್ತು, ಅಷ್ಟೇ. ಅಜ್ಜಿ ಹೊಗಳುತ್ತಾಳೆಂದು ತಲೆಯೆತ್ತಿದೆ.

“ಕೈ ತೊಳ್ಕಂಡ್ ಬಂದ್ಯೇನೇ, ಮುಂಡೇದೇ?”

ಈಗ ನಡುಮನೆಯಲ್ಲಿ ಟಿವಿ ಇದೆ. ಹುಳವಿಲ್ಲ, ಅಜ್ಜಿಯಿಲ್ಲ. ಮೊನ್ನೆ ಫೋನಿನಲ್ಲಿ ಲಲಿತಳಿಗೆ ಇದನ್ನೆಲ್ಲ ಹೇಳಿದೆ.

“ಏ, ನೀನೆಲ್ಲಿ ಒಳಕ್ ಬಂದೆ?” ಎಂದಳು. “ನಾನೇ ಹುಳ ತಂದು ನಿನ್ ಅಂಗೈಲಿಟ್ಟೆ. ನೀನು ಕಿರುಚಿದ್ದಕ್ಕೆ ಅಜ್ಜಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದ್ಬುಡ್ತು.”

ಯಾರದು ನಿಜವೆಂದು ಕೇಳಲು ಯಾರೂ ಉಳಿದಿಲ್ಲ. ಅವಳದೇ ಸುಳ್ಳಿರಬಹುದು. ಆದರೆ ನನ್ನ ನೆನಪನ್ನು ಎಷ್ಟು ತಡಕಿದರೂ ಅಜ್ಜಿಯ ನಗು ಒಂದೂ ಸಿಗುವುದಿಲ್ಲ. ಅದನ್ನೂ ಅವಳೇ ಇಟ್ಟುಕೊಂಡಿದ್ದಾಳೆ.