ಆಯಿ ನೀರು ಬಿಟ್ಟ ಎರಡು ದಿನ

ತಾಂಡೂರಿನ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುದುಕಿಯ ಹಣೆಯಿಂದ ಹಸಿ ವಿಭೂತಿಯ ವಾಸನೆ ಬಂದರೆ ಈಗಲೂ ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತೇನೆ. ತೆಲುಗು ಸೀಮೆಯ ಯಾಲಾಲಿನ ನಮ್ಮ ಮನೆಗೆಲ್ಲ ಬೆಳಗಾದರೆ ಅದೇ ವಾಸನೆ. ನಮ್ಮಪ್ಪನ ತಾಯಿ, ಆಯಿ, ಸ್ನಾನ ಮುಗಿಸಿ ಕೊರಳ ಕರಡಿಗೆ ಬಿಚ್ಚಿ, ಹುಣಸೆಬೀಜದಂತೆ ಹೊಳೆಯುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕೂತರೆ ನಾವು ಮಕ್ಕಳು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆವು. ಒಂದು ದಿನ ಅವಳಿಗೆ ಹೂ ತರುವುದು ಮರೆತಿತ್ತು. ಲಿಂಗವನ್ನು ಮಣೆಯ ಮೇಲಿಟ್ಟು, “ಕಣ್ಣಿಟ್ಟಿರು ಮಹಾದೇವಿ, ಈಗ ಬಂದೆ” ಎಂದು ಅಕ್ಕನಿಗೆ ಹೇಳಿ ಎದ್ದಳು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು, ಅಕ್ಕ ಓಡಿದಳು. ಏಳು ವರ್ಷದ ಹುಡುಗಿ ನಾನು, ಆಯಿಯಂತೆಯೇ ಲಿಂಗವನ್ನು ಒದ್ದೆ ಕೈಯಲ್ಲಿಟ್ಟುಕೊಂಡು ಬಾಗಿಲಿಗೆ ಬಂದೆ. ಅದು ಜಾರಿತು. ಅಂಗಳಕ್ಕೆ ಹಾಸಲೆಂದು ಅಪ್ಪ ಗೋಡೆಗೆ ಒರಗಿಸಿದ್ದ ಫರ್ಸಿಕಲ್ಲುಗಳ ಸಂದಿಯಲ್ಲಿ ಟಕ್ ಎಂದು ಬಿದ್ದದ್ದು ಕೇಳಿಸಿತು. ನಾನು ಸುಮ್ಮನೆ ಬಂದು ಕಂಬದ ಹತ್ತಿರ ಕೂತೆ.

“ಲಿಂಗ ಸಿಗೂತನಾ ಹನಿ ನೀರು ಮುಟ್ಟಂಗಿಲ್ಲ,” ಎಂದಳು ಹೂ ತಂದು ಬರಿಯ ಮಣೆ ನೋಡಿದ ಆಯಿ. ಅಪ್ಪ ಅಕ್ಕನ ಕೆನ್ನೆಗೆ ಹೊಡೆದ. “ನಿನಗ ಕಣ್ಣಿಲ್ಲೇನಲೇ?” ಅಕ್ಕ ಅಳಲಿಲ್ಲ. ಹಿತ್ತಲಿನ ಹೂಗಿಡದ ಬುಡ, ಒಲೆಯ ಬೂದಿ, ಬಚ್ಚಲ ಕಾಲುವೆ ಎಲ್ಲವನ್ನೂ ಕೆದಕಿದಳು. ಅಲ್ಲೆಲ್ಲೂ ಇಲ್ಲವೆಂದು ಗೊತ್ತಿದ್ದೂ ನಾನು ಅವಳ ಜೊತೆ ಹುಡುಕಿದೆ. ಮರುದಿನ ಬಿಸಿಲೇರುವ ಹೊತ್ತಿಗೆ ಆಯಿಯ ತುಟಿ ಸೀಳಿ ರಕ್ತ ಬಂದಿತ್ತು. “ನಿಮ್ಮ ಮುತ್ಯಾ ಮ್ಯಾಲಿಂದ ಕರ್ಯಾಕತ್ಯಾನ. ಲಿಂಗ ಇಲ್ಲದ ಬಂದ್ರ ಒಳಗ ಬಿಡಂಗಿಲ್ಲಂತ,” ಎಂದು ಆಕೆ ತೀರಿಹೋದ ಅಜ್ಜನ ಮಾತೆತ್ತಿ ನಕ್ಕಾಗ ನನಗೆ ಚಡ್ಡಿಯಲ್ಲೇ ಮೂತ್ರವಾಯಿತು. ಹೇಳಿದರೆ ಅಪ್ಪ ಕೊಲ್ಲುತ್ತಾನೆ, ಹೇಳದಿದ್ದರೆ ಆಯಿ ಸಾಯುತ್ತಾಳೆ. ಆದರೂ ಬಾಯಿ ಬಿಡಲಿಲ್ಲ. ಅಕ್ಕ ಮಾತ್ರ ನೋಡಿದ ಜಾಗಕ್ಕೆಲ್ಲ ಸುಣ್ಣದ ಗೆರೆ ಎಳೆಯುತ್ತ ಬಂದು, ಗೆರೆಯಿಲ್ಲದೆ ಉಳಿದ ಕಲ್ಲುಗಳ ಮುಂದೆ ನಿಂತಳು. ಅಪ್ಪ ಒಂದೊಂದೇ ಕಲ್ಲು ಸರಿಸಿದ. ಚೇಳಿಗೂ ಹೆದರದೆ ಕೈ ತೂರಿಸಿದ ಅವಳು ಮೊಣಕೈ ತರಚಿಕೊಂಡು ಲಿಂಗವನ್ನು ಹೊರತೆಗೆದಳು. ಆಯಿ ಪೂಜೆ ಮುಗಿಸಿ ನೀರು ಕುಡಿದ ಗಟಗಟ ಸದ್ದು ಮನೆಯೆಲ್ಲ ಕೇಳಿಸಿತು. “ಕಳದಾಕಿನೇ ಹುಡುಕ್ಯಾಳ ಬಿಡು,” ಎಂದ ಅಪ್ಪ.

ಆಯಿ ಹೋದಳು, ಅಪ್ಪ ಹೋದ, ಆ ಮನೆಯ ಜಾಗದಲ್ಲೀಗ ಬೇರೆಯವರ ಗೋಡೆಗಳಿವೆ. ಅಕ್ಕ ಜಹೀರಾಬಾದಿನಲ್ಲಿ ನರ್ಸ್. ಸೂಜಿ ಚುಚ್ಚುವ ಮೊದಲು ಔಷಧಿಯ ಹೆಸರನ್ನು ಎರಡು ಸಲ ಓದುತ್ತಾಳೆ. ಮೊನ್ನೆ ಪರೀಕ್ಷೆಯಲ್ಲಿ ಫೇಲಾಗಿ ಅಳುತ್ತಿದ್ದ ತನ್ನ ಮಗಳಿಗೆ ಹೇಳುತ್ತಿದ್ದಳು: “ಆಯಿ ಲಿಂಗ ಕಳದಾಕಿ ನಾ. ಅವತ್ತಿಂದ ಕಲ್ತೀನಿ. ಅಳಬ್ಯಾಡ, ಎಲ್ಲಿ ತಪ್ಪೇತಿ ಹುಡುಕು.” ನನ್ನ ಕಡೆ ತಿರುಗಿ, “ಹೌದಲ್ಲೇನೇ ನೀಲಾ?” ಎಂದಳು.

“ಹೌದಕ್ಕ,” ಎಂದೆ.

ಅಕ್ಕ ಓದಿದ್ದು ತೆಲುಗಿನಲ್ಲಿ. ಮನೆಯಲ್ಲಿ ಆಡುವ ಕನ್ನಡವನ್ನು ಅವಳಿಗೆ ಓದಲು ಬಾರದು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ನನಗೆ ಆಯಿ ನೆಲದ ಮೇಲೆ ತಿದ್ದಿಸಿದ ಕನ್ನಡ ಅಕ್ಷರಗಳಿವೆ. ಅವಳಿಗೆ ಓದಲಾಗದ ಆ ಅಕ್ಷರಗಳಲ್ಲೇ ಬರೆಯುತ್ತಿದ್ದೇನೆ: ಲಿಂಗ ಜಾರಿದ್ದು ನನ್ನ ಕೈಯಿಂದ. ಯಾರಾದರೂ ಇದನ್ನು ಅವಳಿಗೆ ಓದಿ ಹೇಳಿಯಾರು ಎಂಬ ಅಂಜಿಕೆಗೆ, ಬರೆಯುವಾಗಲೂ ಹಾಳೆಯನ್ನು ಎಡ ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದೇನೆ.