ಅಡುಗೆಮನೆಗೆ ಬಂದ ಗಣಿಯ ಕರೆಗಂಟೆ

ಮಿಕ್ಸಿ ಬಿಸಿಯಾದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಸುಟ್ಟ ಅರಗಿಗೂ ಹೊಸ ಚಪ್ಪಲಿಗೂ ನಡುವಿನದು. ಇವತ್ತು ಬೆಳಿಗ್ಗೆ ಕಾಯಿ ರುಬ್ಬುವಾಗ ಅದು ಬಂತು, ಬೆಂಗಳೂರಿನಿಂದ ಸೀರೆಗಳ ಮಧ್ಯೆ ಸುತ್ತಿ ತಂದಿದ್ದ ನಮ್ಮ ಮೊದಲ ಮಿಕ್ಸಿ ನೆನಪಾಯಿತು. ನೈರೋಬಿಯ ಲೊರೆಶೋದ ಈ ಮನೆಯ ಇದೇ ಕಟ್ಟೆಯ ಮೇಲೆ ಕೂತು ಅದು ಕಿರುಚಿದಷ್ಟು ನಾನು ಮದುವೆಯಾದಾಗಿನಿಂದ ಕಿರುಚಿಲ್ಲ. ಈ ಮಾತಿಗೆ ನಮ್ಮವರ ಒಪ್ಪಿಗೆ ಸಿಗುವುದು ಕಷ್ಟ.

ಎಂಬತ್ತರ ದಶಕದ ಕೊನೆ. ಇವರಿಗೆ ರಿವರ್‌ಸೈಡಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು "ಎಲೆಕ್ಟ್ರಿಕಲ್" ಎಂದು ಮುಗಿಸಿಬಿಡುತ್ತಿದ್ದೆ. ಕೇಳಿದವರು ಮುಂದಿನ ಭಾನುವಾರ ಕೆಟ್ಟ ಇಸ್ತ್ರಿಪೆಟ್ಟಿಗೆ ಹಿಡಿದು ಬರುತ್ತಿದ್ದರು. ನಿಜವಾಗಿ ಇವರು ಗಡಿಯಾಚೆಯ ಕಲ್ಲಿದ್ದಲು ಗಣಿಗಳಿಗೆ ಬೇಕಾದ ವಿದ್ಯುತ್ ಉಪಕರಣಗಳನ್ನು ವಿನ್ಯಾಸ ಮಾಡುತ್ತಿದ್ದರು. ಗಣಿಯೊಳಗೆ ಕಲ್ಲಿದ್ದಲಿನಿಂದ ಅನಿಲ ಹೊರಡುತ್ತದಂತೆ. ಒಂದು ಕಿಡಿ ಸಾಕು, ಒಳಗಿದ್ದವರು ಉಳಿಯುವುದಿಲ್ಲ.

"ಹಾಗಾದ್ರೆ ಕಿಡಿನೇ ಬರದ ಹಾಗೆ ಮಾಡಿ," ಎಂದಿದ್ದೆ.

"ತಂತಿ ಅಂದ್ಮೇಲೆ ಎಲ್ಲೋ ತುಂಡಾಗುತ್ತೆ ಕಣೇ, ಕಿಡಿ ಬಂದೇ ಬರುತ್ತೆ. ಬಂದ ಕಿಡಿಗೆ ಬೆಂಕಿ ಹಚ್ಚೋ ತ್ರಾಣ ಇರಬಾರದು. ಕರೆಂಟ್ ಕಮ್ಮಿ ಕೊಟ್ಟು ತಂತೀನ ಉಪವಾಸ ಕೆಡವಬೇಕು."

ಇನ್ನೊಂದು ನಿಯಮವಿತ್ತು. ಉಪಕರಣದ ಒಂದು ಭಾಗ ಕೆಟ್ಟರೂ ಅಪಾಯವಾಗಬಾರದು, ಅದರ ಜೊತೆ ಇನ್ನೊಂದು ಕೆಟ್ಟರೂ ಆಗಬಾರದು. ಗಣಿಯ ನಿಯಮ ಗಣಿಯಲ್ಲೇ ಉಳಿಯದೆ ನಮ್ಮ ಸಂಸಾರಕ್ಕೂ ಇಳಿಯಿತು. ಎಲ್ಲಿಗಾದರೂ ಹೊರಟರೆ, "ಕಾರು ಕೆಟ್ಟರೆ?" "ಮಟಾಟು ವ್ಯಾನ್ ಹತ್ತೋಣ ರೀ." "ಮಟಾಟುನೂ ಕೆಟ್ಟರೆ?" ಇದಕ್ಕಾಗಿ ನಾನು ರೇಷ್ಮೆ ಸೀರೆಯುಟ್ಟು, ಕೈಚೀಲದಲ್ಲಿ ಕ್ಯಾನ್ವಾಸ್ ಶೂ ಇಟ್ಟುಕೊಂಡು ಮದುವೆಗಳಿಗೆ ಹೋಗಿದ್ದೇನೆ.

ಆ ವರ್ಷ ಇವರ ಪಾಲಿಗೆ ಬಂದದ್ದು ಒಂದು ಕರೆಗಂಟೆ. ಗಣಿಯಲ್ಲಿ ಕಲ್ಲಿದ್ದಲು ಹೊರುವ ಉದ್ದನೆಯ ಬೆಲ್ಟು ಓಡುತ್ತಿರುತ್ತದೆ. ಯಾರದಾದರೂ ಬಟ್ಟೆ ಸಿಕ್ಕಿಕೊಂಡರೆ ಅವರು ಪಕ್ಕದ ಗುಂಡಿ ಒತ್ತಬೇಕು. ಬೆಲ್ಟಿನ ಆ ತುದಿಯಲ್ಲಿ ಗಂಟೆ ಮೊಳಗಬೇಕು. ಬೆಲ್ಟು ನಡೆಸುವವನು ನಿಲ್ಲಿಸಬೇಕು. ಹಳೆಯ ಕಾಲದ ಗಂಟೆಯೊಳಗೆ ತಂತಿಯ ಸುರುಳಿ ಇರುತ್ತದೆ. ಅಪಾಯದ ಕಿಡಿ ಹಾರುವುದು ಗುಂಡಿ ಒತ್ತಿದಾಗಲ್ಲ, ಬಿಟ್ಟಾಗಂತೆ. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ನೈರೋಬಿ ಕನ್ನಡಿಗರ ಊಟದ ಕೂಟಗಳಲ್ಲೂ ಬರುವಾಗ ಎಲ್ಲರೂ ನಗುತ್ತಲೇ ಬರುತ್ತಾರೆ; ಹೊರಡುವಾಗ ಕಾರಿನ ಬಾಗಿಲು ಹಿಡಿದು ಯಾರೋ ಒಬ್ಬರು ಒಂದು ಮಾತು ಅಂದುಬಿಡುತ್ತಾರೆ.

ಕಿಡಿಯ ತ್ರಾಣ ತೆಗೆಯಲು ಇವರು ಗಂಟೆಯನ್ನೂ ಉಪವಾಸ ಕೆಡವಿದರು. ಅದು ಸುರಕ್ಷಿತವಾಯಿತು, ಜೊತೆಗೆ ದನಿಯನ್ನೂ ಕಳೆದುಕೊಂಡಿತು. ಸುರುಳಿಯೇ ಇಲ್ಲದೆ, ತೆಳ್ಳನೆಯ ಬಿಲ್ಲೆಯಿಂದ ಪೀ ಪೀ ಎನ್ನುವ ಉಪಕರಣ ಹಾಕೋಣವೆಂದು ಇವರು ಕೇಳಿದರೆ ಗಣಿಯ ಮ್ಯಾನೇಜರು ಫೋನಿನಲ್ಲೇ ತಳ್ಳಿಹಾಕಿದ್ದರು: "ಆಟದ ಸಾಮಾನು ನನ್ನ ಗಣಿಗೆ ಬೇಡ. ಬೆಲ್ ಅಂದರೆ ಬೆಲ್."

ನನ್ನ ಅಡುಗೆಮನೆಯಷ್ಟು ಗದ್ದಲ ಲೊರೆಶೋದಲ್ಲೇ ಇಲ್ಲವೆಂದು ಇವರು ಗಂಟೆಯನ್ನು ಅಲ್ಲಿ ಕಿಟಕಿಯ ಮೇಲೆ ಮೊಳೆ ಹೊಡೆದು ಕೂರಿಸಿದರು, ಗುಂಡಿಯನ್ನು ಗೇಟಿಗೆ ಹಾಕಿದರು. ನಾನು ಮಿಕ್ಸಿ ಹಾಕಬೇಕು, ಇವರು ಗೇಟಿನಲ್ಲಿ ಒತ್ತಬೇಕು. ಒತ್ತಿ ಏದುಸಿರು ಬಿಡುತ್ತ ಓಡಿಬರುತ್ತಿದ್ದರು.

"ಕೇಳಿಸ್ತಾ?"

"ಯಾವಾಗ ಒತ್ತಿದ್ರಿ?"

"ನೀನು ಗಮನ ಇಟ್ಟು ಕೇಳಲ್ಲ ಕಣೇ."

"ಬೆಲ್ಟ್ ನಡೆಸೋನು ಗಮನ ಇಟ್ಕೊಂಡು ಕೂತಿರ್ತಾನೇನ್ರೀ?"

ಇವರು ಕಾಫಿ ಲೋಟವನ್ನು ಕೈಯಲ್ಲೇ ಆರಿಸುತ್ತ ಕೂತರು. "ಆ ಕಡೆ ಒಬ್ಬ ಮನುಷ್ಯ ಒತ್ತುತ್ತಾನೇ ಇರ್ತಾನೆ," ಎಂದರು, ನನಗಲ್ಲ, ಲೋಟಕ್ಕೆ.

ಕೊನೆಗೆ ಗಂಟೆಯನ್ನು ನೋಡಿ ಒಪ್ಪಿಗೆ ಕೊಡಲು ಮ್ಯಾನೇಜರೇ ನೈರೋಬಿಗೆ ಬಂದರು. ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಊಟ. ದೋಸೆ, ಆಲೂಗಡ್ಡೆ ಪಲ್ಯ, ಚಟ್ನಿ. ಗ್ಯಾಸ್ ಮುಗಿದರೆ ಎಂದು ಇವರು ಇನ್ನೊಂದು ಸಿಲಿಂಡರ್ ತರಿಸಿದ್ದರು, ಅದೂ ಕೈಕೊಟ್ಟರೆ ಎಂದು ಸೀಮೆಎಣ್ಣೆ ಸ್ಟೌ. ಅತಿಥಿಯನ್ನು ಕರೆತರಲು ಪೇಟೆಯ ಹೋಟೆಲಿಗೆ ಹೋದರು. ಅತಿಥಿ ಆಗಲೇ ಟ್ಯಾಕ್ಸಿ ಹಿಡಿದು ಹೊರಟಾಗಿತ್ತು.

ನಾನು ಮಿಕ್ಸಿಯ ಮುಂದಿದ್ದೆ. ಮಗ ಕಿರಣ್ ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡಿದ್ದ. ಇವರು ಒಬ್ಬರೇ ಮರಳಿ ಬಂದಾಗ ಗೇಟಿನ ಹೊರಗೆ ಸೂಟು ತೊಟ್ಟ ದಪ್ಪನೆಯ ಮನುಷ್ಯರೊಬ್ಬರು ಒಂದು ಕೈಯಿಂದ ಗುಂಡಿ ಒತ್ತುತ್ತ, ಇನ್ನೊಂದರಿಂದ ಬೆವರು ಒರೆಸುತ್ತ, ಇಲ್ಲಿ ಬಾಗಿಲಲ್ಲಿ ನಿಂತವರು ಕೂಗುವಂತೆ "ಹೋಡಿ! ಹೋಡಿ!" ಎಂದು ಕೂಗುತ್ತಿದ್ದರಂತೆ.

ಒಳಗೆ ಬಂದವರು ನನ್ನನ್ನು ಮಗನ ಹೆಸರು ಸೇರಿಸಿ ಇಲ್ಲಿನವರ ಹಾಗೆ ಕರೆದರು. ಅವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತೇನೆ: "ಮಾಮಾ ಕಿರಣ್, ಗಣಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬೆಲ್ಟು ನನ್ನನ್ನು ಸೊಂಟದ ತನಕ ನುಂಗಿ ಆಗಿರುತ್ತಿತ್ತು."

ಇವರ ಮುಖ ಬಿಳಿಚಿಕೊಂಡಿತು. ಏನು ಮಾಡಲೂ ತೋಚದೆ ನಾನು ಮತ್ತೆ ಚಟ್ನಿಗೇ ತಿರುಗಿದೆ. ಮ್ಯಾನೇಜರು ಕೈ ತೊಳೆಯಲು ಪಕ್ಕದ ನಲ್ಲಿಗೆ ಬಂದರು. ಮಿಕ್ಸಿ ಅಬ್ಬರಿಸುತ್ತಿತ್ತು. ಆಗ ಅವರು ನೀರು ಸುರಿಯುವ ಕೈಯನ್ನು ಎತ್ತಿ ಹಿಡಿದು ಕಿಟಕಿಯ ಕಡೆ ಕತ್ತು ತಿರುಗಿಸಿದರು.

"ಅದೇನು ಸದ್ದು?"

ಗಂಟೆಯ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ, ಕಿರಣ್ ಬಿಚ್ಚಿಟ್ಟಿದ್ದ ಡಿಜಿಟಲ್ ವಾಚು.

"ಮೈ ವಾಚ್, ಅಂಕಲ್. ಇಟ್ ಜಸ್ಟ್ ಬೀಪ್ಸ್," ಎಂದ ಕಿರಣ್.

"ನೀವು ಬೇಡ ಅಂದಿರಲ್ಲ, ಅದೇ ಸದ್ದು," ಎಂದರು ಇವರು, ಬಹಳ ಮೆತ್ತಗೆ.

ನಾನು ಮರ್ಯಾದೆಗೆ ಮಿಕ್ಸಿ ನಿಲ್ಲಿಸಿದೆ. "ನಿಲ್ಲಿಸಬೇಡಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಮ್ಯಾನೇಜರು ಕಣ್ಣು ಮುಚ್ಚಿ ಮಿಕ್ಸಿಯ ಪಕ್ಕ ನಿಂತರು. ಕಿರಣ್ ಒತ್ತಿ ವಾಚು ಕೂಗಿಸಿದಾಗಲೆಲ್ಲ ಅವರು ಬೆರಳೆತ್ತಬೇಕು. ನಡುವೆ ಅವನು ಒತ್ತದೆ ಇದ್ದು ಮೋಸ ಮಾಡಲು ನೋಡಿದ, ಬೆರಳು ಏಳಲಿಲ್ಲ. ಚಟ್ನಿ ಮುಖಕ್ಕೆ ಹಚ್ಚುವಷ್ಟು ನುಣ್ಣಗಾಯಿತು, ಮಿಕ್ಸಿ ಸುಟ್ಟ ವಾಸನೆ ಬಿಟ್ಟಿತು, ಅವರು ಕಣ್ಣು ಬಿಟ್ಟರು.

"ಇದು ಸೊಳ್ಳೆ," ಎಂದರು. "ಆದರೆ ಸೊಳ್ಳೆ ಬಂದರೆ ನಮ್ಮಲ್ಲಿ ಯಾರೂ ನಿದ್ದೆ ಮಾಡಲ್ಲ. ಹಾಕಿ."

ಕೆಲವು ತಿಂಗಳ ನಂತರ ಅವರ ಫೋನು ಬಂತು. ಒಬ್ಬನ ಕೋಟಿನ ತೋಳು ಬೆಲ್ಟಿಗೆ ಸಿಕ್ಕಿತ್ತಂತೆ. ಗುಂಡಿ ಒತ್ತಿದ, ಬೆಲ್ಟು ನಿಂತಿತು, ಹೋದದ್ದು ತೋಳು ಮಾತ್ರ, ಕೋಟಿನದು. ಗಣಿಯವರೆಲ್ಲ ಆ ಉಪಕರಣವನ್ನು ಸ್ವಾಹಿಲಿಯಲ್ಲಿ 'ಮ್ಬು' ಎನ್ನುತ್ತಾರಂತೆ, ಸೊಳ್ಳೆ. ಫೋನಿಟ್ಟ ಇವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಈಗ ಇವರಿಗೆ ಕಿವಿ ಮಂದ. ತೆಳ್ಳನೆಯ ದನಿಗಳೇ ಮೊದಲು ಹೋಗುತ್ತವೆ ಎಂದರು ಡಾಕ್ಟರು. ಬಟ್ಟೆ ಒಗೆಯುವ ಮೆಷಿನ್ ಎಷ್ಟು ಪೀ ಪೀ ಎಂದರೂ ಇವರಿಗೆ ತಿಳಿಯದು. ಆದರೆ ಯಾರೂ ಕರೆಯದಿದ್ದಾಗ ಎದ್ದು ಬರುತ್ತಾರೆ. ಇವತ್ತೂ ಮಿಕ್ಸಿ ಆರಲೆಂದು ನಿಲ್ಲಿಸಿ ನಿಂತಿದ್ದೆ. ಪೇಪರ್ ಮಡಚುತ್ತ ಅಡುಗೆಮನೆಯ ಬಾಗಿಲಿಗೆ ಬಂದರು.

"ಕರೆದ್ಯಾ?"

ಮೊದಮೊದಲು ಇಲ್ಲ ಎನ್ನುತ್ತಿದ್ದೆ. ಇಷ್ಟು ದೂರ ಬಂದವರು ಬರಿಗೈಯಲ್ಲಿ ಹಿಂತಿರುಗುವುದನ್ನು ನೋಡಲಾಗುತ್ತಿರಲಿಲ್ಲ.

"ಹೂಂ, ಎಷ್ಟು ಹೊತ್ತಿನಿಂದ ಕರೀತಿದ್ದೀನಿ," ಎಂದೆ. "ಬನ್ನಿ, ಈ ಕಾಯಿ ಒಡೆದುಕೊಡಿ."