ಬಾಟಲಿ ಹಾಲು ಚೆಲ್ಲುವ ಗಾದೆಮ್ಮ

ಕುರುಗೋಡಿನ ಓಣಿಯೊಂದರ ಮನೆ. ಇನ್ನೂ ಬೆಳಕು ಹರಿಯಬೇಕು. ಬಚ್ಚಲಲ್ಲಿ ಗಾದೆಮ್ಮ ಕಾಲು ಚಾಚಿ ಕೂತಿದ್ದಾರೆ. ಕಾಲುಗಳ ಮೇಲೆ ಎಣ್ಣೆ ತಿಕ್ಕಿಸಿಕೊಂಡ ಹಸುಗೂಸು. ಒಂದು ಕೈಯಲ್ಲಿ ಚೊಂಬಿನ ನೀರು ಎರೆಯುತ್ತ, ಇನ್ನೊಂದು ಕೈಯನ್ನು ಅದರ ಹಣೆಗೆ ಮರೆ ಹಿಡಿಯುತ್ತಾರೆ. ಎರೆದು, ಒರೆಸಿ, ಬಟ್ಟೆ ಸುತ್ತಿ ಬಾಣಂತಿ ಶಾಂಭವಿಯ ಮಡಿಲಿಗೆ ಹಾಕುವಷ್ಟರಲ್ಲಿ ಅತ್ತೆ ಹೊನ್ನೂರಮ್ಮ ಬಾಟಲಿ ಹಿಡಿದು ಬರುತ್ತಾರೆ. ಗಾದೆಮ್ಮ ಅದನ್ನು ಇಸಿದುಕೊಂಡು ನೇರ ಬಚ್ಚಲಿಗೆ ಸುರಿಯುತ್ತಾರೆ.

"ಏ ಗಾದೆಮ್ಮ, ಏನ್ ಮಾಡಿದಿ! ಬೆಚ್ಚಗ ಇರ್ಲಿ ಅಂತ ರಾತ್ರಿನ ಹಾಲಿನ ಪುಡಿ ಕಲಸಿ ಫ್ಲಾಸ್ಕಿನ್ಯಾಗ ಇಟ್ಟಿದ್ದೆ."

"ಅದಕ್ಕ ಚೆಲ್ಲಿದೆನ್ರಿ ಯಕ್ಕ. ಕೂಸಿಗೆ ಬೆಚ್ಚಗಾದ್ರ ಅದರಾಗಿನ ಹುಳಕ್ಕೂ ಬೆಚ್ಚಗ."

"ಹುಳ ಎಲ್ಲಿ ಐತಿ? ಕಣ್ಣಿಗೆ ಕಾಣ್ತದೇನು?"

"ಕಂಡಿದ್ರ ನೀವ ಚೆಲ್ಲತಿದ್ರಿ."

ಹೊನ್ನೂರಮ್ಮ ಗೊಣಗುತ್ತ ಒಲೆಯ ಮೇಲೆ ನೀರಿಡುತ್ತಾರೆ. ಅದು ಕುದಿಯುವವರೆಗೆ ಗಾದೆಮ್ಮ ಕೂಸನ್ನು ತಾಯಿಯ ಎದೆಗೆ ಹಿಡಿಸುತ್ತಾರೆ. "ಮೊದಲು ಇದು, ಯವ್ವ. ಸಾಲದಿದ್ರ ಅಷ್ಟ ಅದು." ನೀರು ಕುದಿದು ಇಳಿದ ಮೇಲೆ, ಹಬೆಯಾಡುತ್ತಿರುವಾಗಲೇ ಪುಡಿ ಕಲಸಿಸಿ, ಬಾಟಲಿಯನ್ನು ತಣ್ಣೀರಲ್ಲಿ ಹಿಡಿದು ಆರಿಸುತ್ತಾರೆ. ಕುಡಿದು ಉಳಿದದ್ದು ಮತ್ತೆ ಬಚ್ಚಲಿಗೆ.

ಬಾಣಂತಿಯರ ಮನೆಗಳಲ್ಲಿ ಕೂಸಿಗೆ ನೀರೆರೆಯುವುದು ಗಾದೆಮ್ಮನಿಗೆ ತಾಯಿಯಿಂದ ಬಂದ ಕೆಲಸ. ಈ ಜಗಳ ಮಾತ್ರ ಅವರೇ ಹಚ್ಚಿಕೊಂಡದ್ದು. ಐದು ವರ್ಷದ ಹಿಂದೆ ಮಗಳು ಚೈತ್ರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಬೊಗಸೆಯಷ್ಟು ಮಗು. ಬಾಣಂತಿಗೆ ಜ್ವರ, ಎದೆಹಾಲು ಇಳಿಯಲಿಲ್ಲ. ಹಾಲಿನ ಪುಡಿಯ ಡಬ್ಬಿ ತಂದರು. ಎಲ್ಲ ಮನೆಗಳಂತೆಯೇ ಉಗುರುಬೆಚ್ಚಗಿನ ನೀರಲ್ಲಿ ಕಲಸಿದರು, ಉಳಿದದ್ದನ್ನು ಎತ್ತಿಟ್ಟು ಮತ್ತೆ ಕುಡಿಸಿದರು. ಮೂರನೆಯ ವಾರ ಮಗು ಕುಡಿಯುವುದನ್ನೇ ಬಿಟ್ಟಿತು. ಮೈ ಕಾದು, ಸೆಟೆದುಕೊಂಡಿತು. ಬಳ್ಳಾರಿಗೆ ಓಡಿದರು.

ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿಸಿದ ಮಕ್ಕಳ ವೈದ್ಯೆ, ಮಿದುಳಿನ ಪೊರೆಗೆ ಸೋಂಕು ತಗುಲಿದೆ ಎಂದರು. ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಹಾಲಿನ ಪುಡಿ ತಯಾರಾಗುವಾಗಲೇ ಇದು ಸೇರಿರಬಹುದು. ಡಬ್ಬಿ ತೆರೆದ ಮೇಲೆ ಚಮಚದಿಂದ, ಕೈಯಿಂದಲೂ ಸೇರಬಹುದು. ಒಣ ಪುಡಿಯಲ್ಲಿ ತಿಂಗಳುಗಟ್ಟಲೆ ಸಾಯದೆ ಇರುತ್ತದೆ. ಬೆಚ್ಚನೆಯ ನೀರು ಬಿದ್ದೊಡನೆ ಬೆಳೆಯತೊಡಗುತ್ತದೆ; ಕುದಿಸಿ ಇಳಿಸಿದ, ಹಬೆಯಾಡುವ ನೀರಿಗೆ ಸಾಯುತ್ತದೆ. ದೊಡ್ಡವರು ಅರಗಿಸಿಕೊಂಡಾರು, ಹುಟ್ಟಿ ಎರಡು ತಿಂಗಳೂ ತುಂಬದ ಕೂಸು, ಅದರಲ್ಲೂ ದಿನ ತುಂಬದೆ ಹುಟ್ಟಿದ್ದು, ತಾಳಲಾರದು. ಇಂಥ ಕಾಯಿಲೆ ಅಪರೂಪ, ಬಂದರೆ ಮಾತ್ರ ಘೋರ. ನಿಮ್ಮ ಮನೆಯಲ್ಲಿ ಎಲ್ಲಿಂದ ಬಂತೆಂದು ಹೇಳಲಾಗದು ಎಂದರು ವೈದ್ಯೆ.

ಚೈತ್ರಾಳ ಅತ್ತೆ ಊರಮ್ಮನಿಗೆ ಮಾತ್ರ ಅನುಮಾನವೇ ಇರಲಿಲ್ಲ. "ಹತ್ತು ಮನಿ ಕೂಸು ಮುಟ್ಟಿ ಬಂದ ಕೈ. ನಮ್ಮ ಕೂಸಿಗೆ ನಂಜು ಹತ್ತಿಸಿದ್ಲು," ಎಂದು ಆಸ್ಪತ್ರೆಯ ಬಾಗಿಲಲ್ಲೇ ಕೂಗಾಡಿದರು. ಸುದ್ದಿ ಅವರ ಊರು ಸಿರುಗುಪ್ಪ ಮುಟ್ಟಿ, ಅಲ್ಲಿಂದ ಕುರುಗೋಡಿಗೆ ಬಂತು. ಒಂದೊಂದೇ ಮನೆ ಗಾದೆಮ್ಮನನ್ನು ಬೇಡವೆಂದಿತು.

"ತಪ್ಪು ನಂದು ಅಂತ ಒಪ್ಕೊಂಡು ನಾನು ಮೂಲ್ಯಾಗ ಕುಂದ್ರಬೇಕಿತ್ತು ಈ ಮಂದಿಗೆ. ಯಾಕ ಕುಂದ್ರಲಿ? ಡಬ್ಬಿ ಕೊಟ್ಟೋರು ಹೇಳಲಿಲ್ಲ, ಮಾರಿದೋರು ಹೇಳಲಿಲ್ಲ. ಹೇಳೋದೆಲ್ಲ ಡಬ್ಬಿ ಮ್ಯಾಲೆ ಇರುವಿ ಸಾಲಿನಂಗ ಬರದಾರ. ನನಗ ಓದಾಕ ಬರಂಗಿಲ್ಲ. ಗೊತ್ತಾದ ಮ್ಯಾಲೆ ಸುಮ್ನಿದ್ರ, ಅದು ತಪ್ಪು," ಎನ್ನುತ್ತಾರೆ ಗಾದೆಮ್ಮ.

ಬೇಡವೆಂದ ಮನೆಗಳಿಗೇ ಮತ್ತೆ ಹೋದರು. ನೀರೆರೆಯಲು ಕರೆಯಬೇಡಿ, ಮಾತು ಕೇಳಿ ಎಂದರು. ಬಾಗಿಲು ಹಾಕಿಕೊಂಡ ಮನೆಯ ಮುಂದೆ ನಿಂತು, ಡಬ್ಬಿ ಹಾಲು ಕಲಸುವ ಬಗೆಯನ್ನು ಓಣಿಗೆಲ್ಲ ಕೇಳುವಂತೆ ಹೇಳಿದರು. ಜಗಳಗಂಟಿ ಎಂಬ ಹೆಸರು ಬಂತು. ಕ್ರಮೇಣ ಕೆಲಸವೂ ಬಂತು.

ಆ ಕೂಸು, ಮೊಮ್ಮಗಳು ಕಾವೇರಿ, ಉಳಿದಳು. ಎಡಗಾಲು ಎಳೆದು ನಡೆಯುತ್ತಾಳೆ, ಮಾತು ನಿಧಾನ. ಜನರೆದುರು ಅವಳನ್ನು ಕರೆತರಬೇಡ ಎಂದವರಿದ್ದಾರೆ. ಅವಳು ಕುರುಗೋಡಿಗೆ ಬಂದಾಗಲೆಲ್ಲ ಗಾದೆಮ್ಮ ಕೈ ಹಿಡಿದು ನಡುಬೀದಿಯಲ್ಲೇ ನಡೆಸುತ್ತಾರೆ. "ಮುಚ್ಚಿಡಾಕ ಇಕಿ ಏನ್ ಕದ್ದ ಮಾಲೇನ್ರಿ?"

ಚೈತ್ರಾಳಿಗೆ ಈಗ ಮತ್ತೆ ಏಳು ತಿಂಗಳು. ಈ ಸಲ ಬಾಣಂತನ ಸಿರುಗುಪ್ಪದಲ್ಲೇ, ನಿನ್ನವ್ವ ಕೂಸನ್ನು ಮುಟ್ಟಕೂಡದು ಎಂದಿದ್ದಾರೆ ಊರಮ್ಮ. ಎಂದೂ ಎದುರು ಮಾತಾಡದ ಚೈತ್ರಾ ಮೊನ್ನೆ ಬಟ್ಟೆ ಗಂಟು ಕಟ್ಟಿಕೊಂಡು, ಕಾವೇರಿಯ ಜೊತೆ ಬಸ್ಸಿಳಿದು ಬಂದಳಂತೆ. "ಕೂಸಿಗೆ ನೀರು ಎರದ್ರ ನಮ್ಮವ್ವನ ಎರಿಬೇಕು" ಎಂದು ಅತ್ತೆಗೆ ಹೇಳಿಯೇ ಹೊರಟಿದ್ದಾಳೆ.

ಆಸೆಯೇನು ಎಂದು ಕೇಳಿದರೆ ಗಾದೆಮ್ಮ ಒದ್ದೆ ಸೆರಗು ಹಿಂಡಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ಮಗಳ ಕೂಸಿಗೆ ನೀರು ಎರಿಬೇಕ್ರಿ. ಬೀಗಿತ್ತೀನೂ ಬರ್ಲಿ, ಎದುರಿಗೆ ಕುಂತು ನೋಡ್ಲಿ. ನನ್ನ ಕೈ ನಡುಗಂಗಿಲ್ಲ."